ಮನೆಯ ಸರ್ವರಿಗೆ ಎಷ್ಟು ವ್ಯಾಟ್?

ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಕಾದ ಟಿಪ್ಪಣಿಗಳಲ್ಲಿ ಒಂದು ಪಾಲು ಅಂಗಡಿಯಲ್ಲಿ ದೊರೆಯುವಂಥದ್ದಲ್ಲ. ಕರ್ನಾಟಕದ ಪರೀಕ್ಷಾ ಮಾರ್ಗದರ್ಶಿಗಳು ಕನ್ನಡದಲ್ಲಿದ್ದರೂ ಅವುಗಳ ಪಠ್ಯಕ್ರಮ ಬೇರೆ. ಆಂಧ್ರದ ಮಾರ್ಗದರ್ಶಿಗಳ ಪಠ್ಯಕ್ರಮ ಹೊಂದಿದರೂ ಭಾಷೆ ಬೇರೆ. ಈ ನಡುವಿನ ತೆರವನ್ನು ಶಿಕ್ಷಕರು ತಾವೇ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು, ವಾಟ್ಸಾಪ್ ಗುಂಪಿಗೆ ಹಾಕುವ ಹಾಳೆಗಳಿಂದ ತುಂಬುತ್ತಾರೆ. ಆ ಮೊಬೈಲ್ ಒಡೆದುಹೋದರೆ, ಇಲ್ಲವೇ ಜಾಗ ಸಾಲದೆಂದು ಯಾರೋ ಅಳಿಸಿಬಿಟ್ಟರೆ, ಅದೇ ಹಾಳೆಯ ಇನ್ನೊಂದು ಪ್ರತಿಯನ್ನು ಬೆಂಗಳೂರಿನಲ್ಲಾಗಲಿ ವಿಜಯವಾಡದಲ್ಲಾಗಲಿ ಹುಡುಕಿ ತರಲಾಗದು. ಅಜ್ಜಿ ಹೇಳಿದ ಕಥೆಯ ಧ್ವನಿಮುದ್ರಣ, ರಾಜ್ಯೋತ್ಸವದ ದಿನ ಮಗು ಮಾಡಿದ ಭಾಷಣದ ವಿಡಿಯೊ ಇವುಗಳ ಸ್ಥಿತಿಯೂ ಅದೇ.

ಆದ್ದರಿಂದ ಮನೆಯಲ್ಲಿಯೇ ಒಂದು ಸಣ್ಣ ಸಂಗ್ರಹ ಸರ್ವರ್ ಇಟ್ಟುಕೊಳ್ಳುವ ವಿಚಾರ ಕೆಲವು ಕುಟುಂಬಗಳಲ್ಲಿ ಮೂಡುವುದು ಸಹಜ. ಸರ್ವರ್ ಎಂಬ ಮಾತಿಗೆ ಬೆದರಬೇಕಿಲ್ಲ. ಮನೆಯ ವೈಫೈ ರೂಟರಿಗೆ ಸೇರಿಸಿದ ಒಂದು ಗಣಕ, ಅದರಲ್ಲೊಂದು ಡಿಸ್ಕ್. ಮನೆಯ ಮೊಬೈಲು, ಟ್ಯಾಬುಗಳೆಲ್ಲ ಆ ಡಿಸ್ಕಿನಿಂದ ಕಡತ ಓದುತ್ತವೆ, ಅದಕ್ಕೆ ಕಡತ ಸೇರಿಸುತ್ತವೆ. ಇಂಟರ್ನೆಟ್ ನಿಂತಿದ್ದರೂ ಮನೆಯೊಳಗಿನ ಈ ವ್ಯವಹಾರ ನಿಲ್ಲುವುದಿಲ್ಲ. ಬೇಕಾದ ತಂತ್ರಾಂಶಗಳೂ ಉಚಿತವಾಗಿವೆ, ಓಪನ್‌ಮೀಡಿಯಾವಾಲ್ಟ್ ಅವುಗಳಲ್ಲೊಂದು. ಪ್ರಶ್ನೆ ಇರುವುದು ಯಂತ್ರದ ಆಯ್ಕೆಯಲ್ಲಿ. ಅಲ್ಲಿ ಮೊದಲು ನೋಡಬೇಕಾದುದು ವೇಗವನ್ನಲ್ಲ, ಬೆಲೆಯನ್ನೂ ಅಲ್ಲ. ಯಂತ್ರ ದಿನಕ್ಕೆ ಎಷ್ಟು ಗಂಟೆ ಚಾಲೂ ಇರಬೇಕು ಮತ್ತು ಸುಮ್ಮನಿರುವಾಗ ಎಷ್ಟು ವ್ಯಾಟ್ ನುಂಗುತ್ತದೆ ಎಂಬುದನ್ನು.

ಒಂದು ವ್ಯಾಟಿನ ಹೊರೆ ವರ್ಷವಿಡೀ ಹಗಲಿರುಳು ನಡೆದರೆ 8.76 ಯೂನಿಟ್ ಖರ್ಚಾಗುತ್ತದೆ. ಯೂನಿಟಿಗೆ 6 ರೂಪಾಯಿ ಎಂದು ಹಿಡಿದರೆ ಒಂದು ವ್ಯಾಟಿಗೆ ವರ್ಷಕ್ಕೆ ಸುಮಾರು ಐವತ್ತೆರಡೂವರೆ ರೂಪಾಯಿ. ಮೂಲೆಯಲ್ಲಿ ಬಿದ್ದಿರುವ ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಕುಳಿತಾಗಲೂ 50 ವ್ಯಾಟ್ ಎಳೆದರೆ ವರ್ಷಕ್ಕೆ 438 ಯೂನಿಟ್, ಅಂದರೆ 2,600 ರೂಪಾಯಿಗೂ ಮಿಗಿಲು. ಪುಕ್ಕಟೆಯಾಗಿ ದೊರೆತ ಯಂತ್ರ ಪುಕ್ಕಟೆಯಲ್ಲವೆಂಬುದು ಇಲ್ಲಿ ತಿಳಿಯುತ್ತದೆ. ಮೇಲಾಗಿ ಹೊಸದಾಗಿ ಕೂಡುವ ಯೂನಿಟುಗಳು ಬಿಲ್ಲಿನ ಮೇಲಿನ ಹಂತದ ದರಕ್ಕೇ ಸೇರುತ್ತವೆ. ಆದರೆ ಅದೇ ಡೆಸ್ಕ್‌ಟಾಪನ್ನು ಸಂಜೆ ಮಕ್ಕಳು ಓದುವ ಮೂರು ಗಂಟೆ ಮಾತ್ರ ನಡೆಸಿದರೆ ವರ್ಷಕ್ಕೆ 55 ಯೂನಿಟ್, 330 ರೂಪಾಯಿಯಷ್ಟು. ಅಂಥ ಮನೆಗೆ ಹೊಸ ಯಂತ್ರ ಕೊಳ್ಳುವ ಅಗತ್ಯವೇ ಇಲ್ಲ. ಕಡಿಮೆ ವಿದ್ಯುತ್ತಿನ ಯಂತ್ರವೆಂಬ ಮಾತು ಕೇಳಿದೊಡನೆ ಅಂಗಡಿಗೆ ಓಡುವವರು ಈ ಗುಣಾಕಾರವನ್ನು ಮೊದಲು ಮಾಡುವುದು ಲೇಸು.

ವ್ಯಾಟ್ ಅಳೆಯಲು ಉಪಕರಣವನ್ನೂ ಕೊಳ್ಳಬೇಕಿಲ್ಲ. ಮನೆಯ ವಿದ್ಯುನ್ಮಾನ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ. ಒಂದು ಯೂನಿಟಿಗೆ ಎಷ್ಟು ಮಿಟುಕು ಎಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3,200 ಇದ್ದರೆ ಪ್ರತಿ ಮಿಟುಕು 1,125 ಜೌಲ್ ಶಕ್ತಿಗೆ ಸಮ. ಮನೆಯ ಉಳಿದೆಲ್ಲ ಸ್ವಿಚ್ಚುಗಳನ್ನು ಆರಿಸಿ, ಅಳೆಯಬೇಕಾದ ಯಂತ್ರವೊಂದನ್ನೇ ಉಳಿಸಿ, ಒಂದು ಮಿಟುಕಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡ್ ಎಂದು ಎಣಿಸಿ, 1,125ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ವ್ಯಾಟ್. ಇಪ್ಪತ್ತೆರಡೂವರೆ ಸೆಕೆಂಡಿಗೊಮ್ಮೆ ಮಿಟುಕಿದರೆ 50 ವ್ಯಾಟ್. ಒಂದೂವರೆ ನಿಮಿಷಕ್ಕೂ ತುಸು ಹೆಚ್ಚು ಕಾಯಿಸಿದರೆ 12 ವ್ಯಾಟ್. ಎಂಟನೆಯ ತರಗತಿಯ ಮಗು ಮಾಡಬಲ್ಲ ಲೆಕ್ಕವಿದು, ಮತ್ತು ಮಗುವಿನ ಕೈಯಿಂದಲೇ ಮಾಡಿಸುವುದು ಒಳ್ಳೆಯದು. ನೋಡುವುದು, ಎಣಿಸುವುದು ಸಾಕು; ಮೀಟರನ್ನು ಮುಟ್ಟುವ ಕೆಲಸವಿಲ್ಲ.

ಹಗಲಿರುಳು ನಡೆಯಲೇಬೇಕಾದರೆ ಮಾರುಕಟ್ಟೆಯಲ್ಲಿ ಹೆಚ್ಚು ಕೇಳಿಬರುವ ಹೆಸರು ರಾಸ್ಪ್‌ಬೆರಿ ಪೈ. ಅಂಗೈಯಗಲದ ಈ ಗಣಕ 2012ರಲ್ಲಿ ಮೊದಲು ಬಂದಿತು. ಸಂಗ್ರಹದ ಕೆಲಸಕ್ಕೆ 2019ರ ನಾಲ್ಕನೆಯ ಮಾದರಿ ಅಥವಾ 2023ರ ಐದನೆಯ ಮಾದರಿ ಆಗಬೇಕು. ಅದಕ್ಕೂ ಹಿಂದಿನವು ಡಿಸ್ಕನ್ನೂ ಜಾಲವನ್ನೂ ಒಂದೇ ಇಕ್ಕಟ್ಟಾದ ದಾರಿಯಲ್ಲಿ ನಡೆಸುತ್ತಿದ್ದವು. ಒಂದು ಎಸ್‌ಎಸ್‌ಡಿ ಸೇರಿಸಿದರೂ ಸುಮಾರು 5 ವ್ಯಾಟಿನಲ್ಲಿ ಇದು ಕಾಲ ಕಳೆಯುತ್ತದೆ. ಆದರೆ ಮೊಬೈಲ್ ಚಾರ್ಜರಿನಿಂದ ಇದನ್ನು ನಡೆಸಲು ಹೋಗಬಾರದು. ಐದನೆಯ ಮಾದರಿಗೆ 5 ಆಂಪಿಯರಿನ ತನ್ನದೇ ಚಾರ್ಜರ್ ಇರದಿದ್ದರೆ ಯುಎಸ್‌ಬಿ ದ್ವಾರಗಳಿಗೆಲ್ಲ ಸೇರಿ 600 ಮಿಲಿ ಆಂಪಿಯರಷ್ಟೇ ಬಿಡುತ್ತದೆ; ತಿರುಗುವ ಡಿಸ್ಕ್ ಅಷ್ಟರಲ್ಲಿ ಏಳುವುದಿಲ್ಲ, ಎದ್ದರೂ ನಡುವೆ ಕಡಿದುಹೋಗುತ್ತದೆ. ಮೆಮೊರಿ ಕಾರ್ಡಿನ ಮೇಲೆಯೇ ಎಲ್ಲವನ್ನೂ ಬರೆಯಿಸುವುದೂ ಬೇಡ. ಬರೆಯುವ ನಡುವೆ ಕರೆಂಟ್ ಹೋದರೆ ಕಾರ್ಡ್ ಕೆಡುವ ಸಂಭವವಿದೆ, ಕರೆಂಟ್ ಹೋಗುವುದಂತೂ ಈ ಸೀಮೆಗೆ ಹೊಸತಲ್ಲ. ನೆರೆಯ ಪಾವಗಡ ತಾಲ್ಲೂಕಿನಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಹರಡಿಕೊಂಡಿದೆ. ಅದರ ಬೆಳಕು ಗುಡಿಬಂಡೆಯ ಬಲ್ಬಿಗೆ ನಂಟಾಗಬೇಕೆಂಬ ನಿಯಮವೇನೂ ಇಲ್ಲ.

ಇಂಟೆಲ್ ಎನ್100 ಚಿಪ್ಪಿನ ಪುಟ್ಟ ಪೆಟ್ಟಿಗೆಗಳು 10 ವ್ಯಾಟಿನ ಆಸುಪಾಸಿನಲ್ಲಿ ನಡೆಯುತ್ತವೆ, ಪೈಗಿಂತ ಗಟ್ಟಿಮುಟ್ಟು. ಎರಡು ಡಿಸ್ಕುಗಳ ಸಿದ್ಧ ಸಂಗ್ರಹ ಪೆಟ್ಟಿಗೆಗಳೂ ಇವೆ. ಅನುಕೂಲ ಹೆಚ್ಚು, ಡಿಸ್ಕಿನ ಬೆಲೆ ಬೇರೆ. ಸಾಮಾನ್ಯ ಕುಟುಂಬಕ್ಕೆ ಅವು ಅತಿಯಾದವು.

ಈ ಊರುಗಳಿಗೆ ಹೆಚ್ಚು ಒಪ್ಪುವ ಯಂತ್ರದ ಹೆಸರನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಅದು ಪರದೆ ಸೀಳಿದ, ಕೀಲಿಮಣೆಯ ನಾಲ್ಕು ಗುಂಡಿ ಕಳಚಿದ, ಯಾರಿಗೂ ಬೇಡವಾದ ಹಳೆಯ ಲ್ಯಾಪ್‌ಟಾಪ್. ಪರದೆ ಆರಿಸಿ ಬಿಟ್ಟರೆ ಸಾಮಾನ್ಯವಾಗಿ 8ರಿಂದ 15 ವ್ಯಾಟಿನೊಳಗೆ ಇರುತ್ತದೆ. 12 ಎಂದು ಹಿಡಿದರೆ ವರ್ಷಕ್ಕೆ 105 ಯೂನಿಟ್, 630 ರೂಪಾಯಿ. ಪೈಗಿಂತ 370 ರೂಪಾಯಿ ಹೆಚ್ಚೆನ್ನಬಹುದು. ಆದರೆ ಪೈಯೊಳಗೆ ಇಲ್ಲದ ಒಂದು ವಸ್ತು ಅದರ ಹೊಟ್ಟೆಯಲ್ಲಿಯೇ ಇದೆ: ಬ್ಯಾಟರಿ. ಮೊದಲಿನ ಕಸುವಿನಲ್ಲಿ ಕಾಲು ಪಾಲು ಉಳಿದಿದ್ದರೂ, ಕರೆಂಟ್ ಹೋದಾಗ ಅರ್ಧ ಗಂಟೆ ತಡೆದು, ಚಾರ್ಜ್ ತಗ್ಗಿದೊಡನೆ ತಾನಾಗಿ ಕ್ರಮವಾಗಿ ಮುಚ್ಚಿಕೊಳ್ಳುವಂತೆ ಹೊಂದಿಸಬಹುದು. ಕಡತಗಳನ್ನು ಕಾಪಾಡುವುದು ಈ ಅರ್ಧ ಗಂಟೆಯೇ. ಕೊಳ್ಳುವ ಹಣವಿದ್ದರೆ ಒಳಗಿನ ಹಳೆಯ ಡಿಸ್ಕ್ ತೆಗೆದು ಹೊಸ ಎಸ್‌ಎಸ್‌ಡಿಗೆ ಅದನ್ನು ಹಾಕಬೇಕು, ಹೊಸ ಯಂತ್ರಕ್ಕಲ್ಲ. ಮುಚ್ಚಳ ಮುಚ್ಚಿದರೂ ನಿದ್ರಿಸದಂತೆ ಮೊದಲೇ ಹೊಂದಿಸಿರಬೇಕು. ಒಂದು ಎಚ್ಚರಿಕೆ ಅತ್ಯವಶ್ಯ: ಸದಾ ನೂರಕ್ಕೆ ನೂರು ಚಾರ್ಜಿನಲ್ಲಿ, ಬೇಸಿಗೆಯ ಸೆಕೆಯಲ್ಲಿ ಇರುವ ಬ್ಯಾಟರಿ ಉಬ್ಬುತ್ತದೆ. ಹಲವು ಲ್ಯಾಪ್‌ಟಾಪುಗಳಲ್ಲಿ ಚಾರ್ಜನ್ನು 60ಕ್ಕೋ 80ಕ್ಕೋ ನಿಲ್ಲಿಸುವ ಅನುಕೂಲವಿದೆ, ಅದನ್ನು ಬಳಸಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸದೆ ತೆಗೆಸಿಬಿಡಬೇಕು. ತಗಡಿನ ಛಾವಣಿಯ ಅಟ್ಟ ಇದಕ್ಕೆ ತಕ್ಕ ಜಾಗವಲ್ಲ. ಗೋಡೆಯ ತಂಪಿನಲ್ಲಿ, ಹಾಸಿಗೆ ಬಟ್ಟೆಗಳಿಂದ ದೂರ, ಧೂಳು ಕೂರದೆಡೆ ಇರಲಿ. ರೂಟರಿಗೂ ಒಂದು ಸಣ್ಣ ಬ್ಯಾಟರಿ ಪೆಟ್ಟಿಗೆ ಇದ್ದರೆ ಕತ್ತಲಲ್ಲಿಯೂ ಟ್ಯಾಬಿನಲ್ಲಿ ಪಾಠ ತೆರೆಯುತ್ತದೆ.

ಡಿಸ್ಕಿನ ಗಾತ್ರದ ವಿಷಯದಲ್ಲಿ ಅಂಗಡಿಯವರು ದೊಡ್ಡದನ್ನೇ ತೋರಿಸುತ್ತಾರೆ. ಮಾತಿನ ಧ್ವನಿಮುದ್ರಣ ಗಂಟೆಗೆ 58 ಮೆಗಾಬೈಟಾದರೆ ಐನೂರು ಗಂಟೆಗೆ 29 ಗಿಗಾಬೈಟ್. ತಲಾ 4 ಮೆಗಾಬೈಟಿನ ಹತ್ತು ಸಾವಿರ ಚಿತ್ರಗಳಿಗೆ 40. ಪುಸ್ತಕ, ಟಿಪ್ಪಣಿಗಳೆಲ್ಲ ಕೂಡಿದರೂ 500 ಗಿಗಾಬೈಟಿನ ಡಿಸ್ಕ್ ಅರ್ಧವೂ ತುಂಬದು. ವಿಡಿಯೊ ಮಾತ್ರ ಹಸಿದ ಪ್ರಾಣಿ. ಮೊಬೈಲಿನ ಒಂದು ಗಂಟೆಯ ವಿಡಿಯೊ 7 ಗಿಗಾಬೈಟ್ ದಾಟಬಲ್ಲದು. ಅದನ್ನು ಬಹಳವಾಗಿ ಇಡುವ ಮನೆ ಒಂದು ಟೆರಾಬೈಟ್ ಕೊಳ್ಳಲಿ. ಅಗ್ಗವೆಂದು ಮೂರೂವರೆ ಇಂಚಿನ ದೊಡ್ಡ ಡಿಸ್ಕ್ ತಂದರೆ, ತಿರುಗುತ್ತಿರುವಷ್ಟು ಹೊತ್ತೂ ಅದೊಂದೇ ಸುಮಾರು 5 ವ್ಯಾಟ್ ಬೇಡುತ್ತದೆ, ಪೈ ಮತ್ತು ಎಸ್‌ಎಸ್‌ಡಿ ಎರಡೂ ಸೇರಿದಷ್ಟು.

ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪ್ರಶ್ನೆಪತ್ರಿಕೆಗಳಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಇಡಬೇಕು; ಆ ಅಕ್ಷರಶೈಲಿ ಇಲ್ಲದ ಟ್ಯಾಬಿನಲ್ಲಿ ಅವು ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ. ಪಕ್ಕದ ಹೇಮಾವತಿಯಲ್ಲಿ ನೊಳಂಬರ ಕಾಲದ ಶಾಸನಗಳು ಕರೆಂಟಿಲ್ಲದೆಯೂ ಸಾವಿರ ವರ್ಷ ಕಳೆದಿವೆ. ಡಿಸ್ಕಿಗೆ ಆ ಆಯುಷ್ಯವಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಜೋಡಿಸಿ ಒಂದರದ್ದನ್ನು ಇನ್ನೊಂದಕ್ಕೆ ಪ್ರತಿಬಿಂಬಿಸಿದರೂ, ಮಗು ತಪ್ಪಿ ಅಳಿಸಿದ ಕಡತ ಎರಡರಿಂದಲೂ ಆ ಕ್ಷಣವೇ ಮಾಯವಾಗುತ್ತದೆ. ಆದ್ದರಿಂದ ಎರಡನೆಯ ಡಿಸ್ಕ್ ಯಂತ್ರದ ಹೊರಗಿರಬೇಕು. ತಿಂಗಳಿಗೊಮ್ಮೆ ಅದಕ್ಕೆ ಪ್ರತಿ ಮಾಡಿ, ಮೂರು ನಾಲ್ಕು ಕಡತಗಳನ್ನು ತೆರೆದು ನೋಡಿ, ಮಡಕಶಿರೆಯಲ್ಲೋ ಹಿಂದೂಪುರದಲ್ಲೋ ಇರುವ ಸಂಬಂಧಿಕರ ಮನೆಯ ಬೀರುವಿನಲ್ಲಿ ಇಡಿಸಬೇಕು.