ಬೆಳಗಿನ ಜಾವದ ಕನಸು ಮತ್ತು ನಾಲ್ಕು ಗಂಟೆಯ ಬಸ್ಸು

ಕನ್ನಡದಲ್ಲಿ ಕನಸು ಬೀಳುತ್ತದೆ, ಗುರಿಯನ್ನು ಇಡಬೇಕಾಗುತ್ತದೆ. ತಾನಾಗಿ ಬೀಳುವುದಕ್ಕೂ ಬೇಕೆಂದು ಇಡುವುದಕ್ಕೂ ಇರುವ ಅಂತರವನ್ನು ಭಾಷೆ ಬಹಳ ಹಿಂದೆಯೇ ಗುರುತಿಸಿದೆ. ದುಬೈನ ಪುಸ್ತಕದಂಗಡಿಗಳಲ್ಲಿ ವರ್ಷದ ಕೊನೆಗೆ ಮಾರಾಟಕ್ಕೆ ಬರುವ ದಿನಚರಿಗಳಿಗೆ, ಕಚೇರಿಗಳ ತರಬೇತಿ ಶಿಬಿರಗಳಲ್ಲಿ ಹಂಚುವ ಹಾಳೆಗಳಿಗೆ ಮಾತ್ರ ಈ ಅಂತರ ಬೇಕಾಗಿಲ್ಲ. ನಿಮ್ಮ ಕನಸುಗಳನ್ನು ಬರೆಯಿರಿ ಎಂದು ಮೊದಲ ಪುಟದಲ್ಲಿ ಕೇಳುವ ಪುಸ್ತಕ, ಎರಡನೆಯ ಪುಟದಲ್ಲಿ ಅದಕ್ಕೊಂದು ಗಡುವನ್ನೂ ಮೂರನೆಯದರಲ್ಲಿ ಒಂದು ಮೊತ್ತವನ್ನೂ ಕೇಳುತ್ತದೆ. ನಿದ್ದೆಯಲ್ಲಿ ಕಂಡದ್ದನ್ನು ಎಚ್ಚರವಾದೊಡನೆ ಬರೆದಿಡುವ ಹಳೆಯ ಅಭ್ಯಾಸವೂ ಈಗ ಇದೇ ಕಪಾಟಿಗೆ ಬಂದು ಸೇರಿದೆ. ಕನಸಿನ ದಿನಚರಿ ಇಟ್ಟವರ ಅಂತರಂಗ ತಿಳಿಯಾಗುತ್ತದೆ, ವೈಯಕ್ತಿಕ ಗುರಿಯ ಮೇಲಿನ ಗಮನ ಚದುರುವುದಿಲ್ಲ ಎಂಬುದು ಅಲ್ಲಿ ಸಿಗುವ ಸಲಹೆ.

ಕೊಲ್ಲಿಯಲ್ಲಿ ದುಡಿಯುವ ಕನ್ನಡಿಗರಿಗೆ ಗಮನದ ಕೊರತೆಯೇ ಇಲ್ಲ ಎಂಬುದು ಈ ಸಲಹೆಗಾರರಿಗೆ ತಿಳಿದಂತಿಲ್ಲ. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳಿಂದ ಹೊರಟವರು ವಿಮಾನ ಹತ್ತುವ ಮೊದಲೇ ಗುರಿಯನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿರುತ್ತಾರೆ. ನೇಮಕಾತಿಯ ವೆಚ್ಚವನ್ನು ಕಾರ್ಮಿಕನಿಂದ ವಸೂಲು ಮಾಡಬಾರದೆಂದು ಎಮಿರೇಟ್ಸಿನ ಕಾನೂನು ಹೇಳುತ್ತದೆ. ಊರಿನ ಏಜೆಂಟನಿಗೆ ಕೊಟ್ಟ ಹಣ ಮಾತ್ರ ಸಾಲವಾಗಿ ಬೆನ್ನಿಗಂಟಿ ಬರುತ್ತದೆ. ಸಾಲ ತೀರಿದ ಮೇಲೆ ತಂಗಿಯ ಮದುವೆ, ಅನಂತರ ತಾರಸಿಯ ಮನೆ, ಮನೆಗೆ ಬಣ್ಣ ಬಳಿಯುವಷ್ಟರಲ್ಲಿ ಮಕ್ಕಳ ಇಂಜಿನಿಯರಿಂಗ್ ಸೀಟು. ಬರ್ ದುಬೈನ ಹವಾನಿಯಂತ್ರಿತ ಕಚೇರಿಯಲ್ಲಿ ಕೂತವರ ಕಥೆಯೂ ತೀರಾ ಬೇರೆಯಲ್ಲ, ಅಲ್ಲಿ ಬೆಂಗಳೂರಿನ ಫ್ಲ್ಯಾಟಿನ ಕಂತು ಇರುತ್ತದೆ. ‘ಇನ್ನೆರಡು ವರ್ಷ’ ಎಂಬ ಮಾತು ಕೊಲ್ಲಿಯ ಕನ್ನಡದಲ್ಲಿ ಒಂದು ನುಡಿಗಟ್ಟೇ ಆಗಿಬಿಟ್ಟಿದೆ; ಸಾಮಾನ್ಯ ಉದ್ಯೋಗದ ವೀಸಾದ ಅವಧಿಯೂ ಅಷ್ಟೇ ಆಗಿರುವುದು ಆಕಸ್ಮಿಕವಲ್ಲ. ಅಬುಧಾಬಿ ತನ್ನ ಆರ್ಥಿಕ ಮುನ್ನೋಟವನ್ನು 2030ರವರೆಗೆ ಚಾಚಿ ಬರೆದುಕೊಂಡಿತು. ಅದನ್ನು ಕಟ್ಟಲು ಬಂದವನ ಮುನ್ನೋಟ ವೀಸಾದ ಜೊತೆ ಎರಡೆರಡು ವರ್ಷಕ್ಕೆ ನವೀಕರಣಗೊಳ್ಳುತ್ತದೆ. ಇಂಥವನಿಗೆ ಗುರಿಯನ್ನು ಮರೆಯಬೇಡ ಎಂದು ಹೇಳುವುದು ಉಪವಾಸವಿರುವವನಿಗೆ ಮಿತಾಹಾರವನ್ನು ಬೋಧಿಸಿದಂತೆ.

ಕನಸಿನ ಪುಸ್ತಕವನ್ನು ಗುರಿಯ ಸೇವೆಗೆ ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ದೊಡ್ಡ ಸಾಕ್ಷಿಯಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ, ಅರಮನೆಯ ಬರವಣಿಗೆಯ ಮೇಜಿನಲ್ಲಿ ಗುಪ್ತ ಕಾಗದಗಳ ನಡುವೆ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಒಂದು ಸಣ್ಣ ಪುಸ್ತಕ ಸಿಕ್ಕಿತು. ಟಿಪ್ಪು ಸುಲ್ತಾನ ಸ್ವಹಸ್ತದಿಂದ ಪಾರಸಿಯಲ್ಲಿ ಬರೆದಿಟ್ಟ 37 ಕನಸುಗಳು ಅದರಲ್ಲಿದ್ದವು. ಪುಸ್ತಕ ಸಿಕ್ಕಾಗ ಅಲ್ಲಿದ್ದ ಸುಲ್ತಾನನ ಆಪ್ತ ಹಬೀಬುಲ್ಲಾನಿಗೆ ಅಂಥದೊಂದು ಇದೆಯೆಂದು ಗೊತ್ತಿತ್ತು, ಆದರೆ ಅವನೂ ಅದನ್ನು ಕಂಡಿರಲಿಲ್ಲ. ಓದುವಾಗಲೋ ಬರೆಯುವಾಗಲೋ ಯಾರಾದರೂ ಹತ್ತಿರ ಬಂದರೆ ದೊರೆ ಅದನ್ನು ಮರೆಮಾಡುತ್ತಿದ್ದನಂತೆ. 1800ರಲ್ಲಿ ಮೇಜರ್ ಅಲೆಕ್ಸಾಂಡರ್ ಬೀಟ್ಸನ್ ಅದನ್ನು ಕಂಪನಿಯ ನಿರ್ದೇಶಕರಿಗೆ ಒಪ್ಪಿಸಿದ; ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ ಕಾರ್ನಾಡರು ಬಿಬಿಸಿ ರೇಡಿಯೋಗಾಗಿ ಬರೆದು, ಅನಂತರ ಕನ್ನಡಕ್ಕೂ ತಂದ ನಾಟಕದ ಬೀಜ ಈ ಪುಸ್ತಕವೇ.

1785ರಿಂದ ಕೊನೆಯ ವರ್ಷಗಳವರೆಗೆ ಕೇವಲ 37 ಎಂದರೆ ವರ್ಷಕ್ಕೆ ಮೂರು ಕನಸೂ ಇಲ್ಲ. ದೊರೆ ಕಂಡದ್ದನ್ನೆಲ್ಲ ಬರೆಯಲಿಲ್ಲ, ಅರ್ಥವಿದೆ ಎಂದು ತನಗೆ ತೋರಿದ್ದನ್ನು ಆರಿಸಿಕೊಂಡ ಎಂದೇ ಊಹಿಸಬೇಕು. ಅವನ ಗುರಿಯಾದರೋ ಸ್ಪಷ್ಟವಾಗಿತ್ತು: ಮರಾಠರು, ನಿಜಾಮ, ಇಂಗ್ಲಿಷರು, ಈ ಮೂವರ ಸೋಲು. ಒಂದು ಕನಸಿನಲ್ಲಿ ಮೂರು ಬೆಳ್ಳಿಯ ತಟ್ಟೆಗಳ ತುಂಬ ಗೇಣುದ್ದದ, ರಸ ತುಂಬಿದ ತಾಜಾ ಖರ್ಜೂರ ಬರುತ್ತದೆ. ಮಸ್ಕತ್ತಿನಲ್ಲಿ ಕೋಠಿ ಇರಿಸಿ, ಅಕ್ಕಿ, ಗಂಧ, ಏಲಕ್ಕಿಗಳನ್ನು ಕೊಲ್ಲಿಗೆ ಕಳಿಸುತ್ತಿದ್ದ ರಾಜ್ಯದ ದೊರೆಗೆ ಖರ್ಜೂರದ ಕನಸು ಬಿದ್ದದ್ದು ಸಹಜವೇ. ಎದ್ದವನು ಮಾತ್ರ ಮೂರು ತಟ್ಟೆಗಳಲ್ಲಿ ಮೂವರು ವೈರಿಗಳ ರಾಜ್ಯಗಳನ್ನೇ ಕಂಡ. ಇನ್ನೊಂದು ಕನಸು 1786ರಲ್ಲಿ ಸವಣೂರಿನ ಬಳಿ ಮರಾಠರ ಮೇಲೆ ರಾತ್ರಿ ದಾಳಿ ಮಾಡುವ ಮುನ್ನ ಬಿದ್ದದ್ದು. ಸುಂದರನಾದ ತರುಣನೊಬ್ಬ ಬಂದು ಕೂರುತ್ತಾನೆ, ಸಲಿಗೆಯ ಮಾತು ನಡೆಯುತ್ತದೆ, ಪೇಟ ಬಿಚ್ಚಿದರೆ ಇಳಿಬಿದ್ದ ಕೂದಲು, ಅದು ಹೆಣ್ಣು. ಮರಾಠರು ಗಂಡಿನ ವೇಷದ ಹೆಂಗಸರು, ಗೆಲುವು ಖಂಡಿತ ಎಂದು ಅದರ ಅರ್ಥ ಬರೆಯಲಾಯಿತು. ದಾಳಿ ಗೆದ್ದಿತು, ಅರ್ಥ ನಿಜವಾಯಿತು, ಅಷ್ಟರಲ್ಲಿ ಕನಸು ಸತ್ತಿತು. ಗಂಡು-ಹೆಣ್ಣಿನ ಗಡಿಯ ಬಗ್ಗೆ, ಸಲಿಗೆಯ ಬಗ್ಗೆ, ದೊರೆಯೊಬ್ಬನ ಒಂಟಿತನದ ಬಗ್ಗೆ ಅದರಲ್ಲಿ ಇದ್ದಿರಬಹುದಾದ ಎಲ್ಲವೂ ಯುದ್ಧದ ಶಕುನದೊಳಗೆ ಮುಚ್ಚಿಹೋಯಿತು. ಆ ಪುಸ್ತಕದ ನಡುವಿನ ವರ್ಷಗಳಲ್ಲಿಯೇ, 1792ರಲ್ಲಿ, ಅವನು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ.

ಆದರೂ ಒಂದು ಕನಸು ಗುರಿಯ ಬಲೆಯಿಂದ ತಪ್ಪಿಸಿಕೊಂಡಿದೆ. ಹಿಂಬದಿ ಜಖಂಗೊಂಡ ದೊಡ್ಡ ದೇವಾಲಯ. ಒಳಗೆ ವಿಗ್ರಹಗಳ ಕಣ್ಣುಗಳು ಮನುಷ್ಯರ ಕಣ್ಣಿನಂತೆ ಚಲಿಸುತ್ತಿವೆ. ಕೊನೆಯ ಸಾಲಿನ ಸ್ತ್ರೀವಿಗ್ರಹವೊಂದು ತಾವು ಬಹಳ ಕಾಲದಿಂದ ದೇವರ ಧ್ಯಾನದಲ್ಲಿರುವುದಾಗಿ ಹೇಳುತ್ತದೆ. ಒಳ್ಳೆಯದು, ಹಾಗೆಯೇ ಮುಂದುವರಿಸಿ ಎಂದ ದೊರೆ ಕಟ್ಟಡವನ್ನು ದುರಸ್ತಿ ಮಾಡಲು ಆಳುಗಳಿಗೆ ಆಜ್ಞಾಪಿಸುತ್ತಾನೆ. ಅಲ್ಲಿಗೆ ಎಚ್ಚರ. ಟಿಪ್ಪುವನ್ನು ಹೊಗಳುವ ಗುರಿಯವರಿಗೂ ತೆಗಳುವ ಗುರಿಯವರಿಗೂ ಕರ್ನಾಟಕದಲ್ಲಿ ಬರಗಾಲವಿಲ್ಲ. ಇಬ್ಬರ ಕೈಗೂ ಪೂರ್ತಿ ಸಿಗದ ಮನುಷ್ಯನೊಬ್ಬ ಈ ಪುಟದಲ್ಲಿದ್ದಾನೆ. ಕನಸಿನ ದಿನಚರಿ ಉಪಯುಕ್ತವಾಗುವುದು ಇಂಥಲ್ಲಿ. ಗುರಿಗೆ ಬೇಡವಾದ ಸುದ್ದಿಯನ್ನು ಅದು ತರುತ್ತದೆ.

ಅಂಥ ಸುದ್ದಿ ತಲುಪಲು ಮೊದಲು ನಿದ್ದೆ ಬೇಕು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬುದು ಕನ್ನಡದ ಮನೆಗಳ ಹಳೆಯ ನಂಬಿಕೆ. ಮುಂಜಾವಿನ ಕನಸಿಗೆ ಅರಬ್ಬರ ಸ್ವಪ್ನಪರಂಪರೆಯಲ್ಲೂ ಹೆಚ್ಚಿನ ಮನ್ನಣೆಯಿದೆ. ನಿಜವಾಗುವುದು ಹೇಗೋ, ಆ ಹೊತ್ತಿನ ಕನಸು ಹೆಚ್ಚು ನೆನಪುಳಿಯುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಕಾರಣ ಸಿಗುತ್ತದೆ. 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದ, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ವೇಗವಾಗಿ ಚಲಿಸುವ ನಿದ್ದೆಯ ಹಂತ ರಾತ್ರಿಯ ಕೊನೆಯ ಭಾಗದಲ್ಲಿ ದೀರ್ಘವಾಗುತ್ತದೆ. ಗಾಢವಾದ ಕನಸುಗಳು ಹೆಚ್ಚಾಗಿ ಆ ಹಂತದವು. ಆ ಜಾವವನ್ನೇ ಕಂಪನಿಯ ಬಸ್ಸು ಎತ್ತಿಕೊಂಡು ಹೋಗುತ್ತದೆ. ದುಬೈನ ಸೋನಾಪುರದಲ್ಲಿ (ಕಾರ್ಮಿಕರ ವಸತಿಗಳ ಊರಿಗೆ ಚಿನ್ನದ ಊರೆಂಬ ಹೆಸರು ಹಿಡಿದದ್ದೂ ಒಂದು ವ್ಯಂಗ್ಯ), ಅಬುಧಾಬಿಯ ಮುಸಫ್ಫಾದಲ್ಲಿ, ನಾಲ್ಕು ಗಂಟೆಗೆ ಎದ್ದು ಸ್ನಾನದ ಸಾಲಿನಲ್ಲಿ ನಿಲ್ಲುವವನಿಗೆ ಕನಸಿನ ಅತ್ಯಂತ ಸಮೃದ್ಧ ಗಳಿಗೆಯೇ ಖೋತಾ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಿನ ಕೆಲಸಕ್ಕೆ ಸರ್ಕಾರ ವಿರಾಮ ಕೊಡಿಸುತ್ತದೆ, ಅದು ಒಳ್ಳೆಯದೇ. ಆದರೆ ನೆರಳಲ್ಲಿ ರಟ್ಟು ಹಾಸಿ ಮಲಗಿದ ಆ ನಿದ್ದೆ, ಕಳೆದುಹೋದ ಬೆಳಗಿನ ಜಾವವನ್ನು ಮರಳಿ ತರಲಾರದು. ಕನಸಿನ ದಿನಚರಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎಂಟು ಗಂಟೆಯ ನಿದ್ದೆಯನ್ನು ಮೊದಲೇ ಗೃಹೀತ ಹಿಡಿದಿರುತ್ತಾರೆ.

ಹಾಗಾದರೂ ಒಂದೊಂದು ಕನಸು ಉಳಿಯುತ್ತದೆ, ಮತ್ತು ಉಳಿದದ್ದನ್ನು ಬರೆದಿಡುವುದಕ್ಕೆ ಗುರಿಸಾಧನೆಗಿಂತ ದೊಡ್ಡ ಕಾರಣವಿದೆ. ಬರ್ಲಿನ್ನಿನ ಪತ್ರಕರ್ತೆ ಷಾರ್ಲೊಟ್ ಬೆರಾಟ್ 1933ರಿಂದ ತನ್ನ ಸುತ್ತಲಿನ ಸಾಮಾನ್ಯರ ಕನಸುಗಳನ್ನು ಸಂಗ್ರಹಿಸತೊಡಗಿದಳು. ಅವನ್ನು ಪುಸ್ತಕಗಳ ಬೆನ್ನುಪಟ್ಟಿಯಲ್ಲಿ ಅಡಗಿಸಿದಳು. ಬಂಧನ ಎಂದು ಬರೆಯುವಲ್ಲಿ ‘ಫ್ಲೂ’ ಎಂದು ಬರೆದಳು. 1939ರಲ್ಲಿ ದೇಶ ಬಿಟ್ಟಳು. 1966ರಲ್ಲಿ ಪುಸ್ತಕ ಪ್ರಕಟಿಸಿದಳು. ಆ ಕಾಲವನ್ನು ಕೊಲ್ಲಿಗೆ ಹೋಲಿಸುವುದು ಅನ್ಯಾಯ. ಇಲ್ಲಿ ಕಲಿಯಬೇಕಾದದ್ದು ಅವಳ ವಿಧಾನವನ್ನು: ಒಬ್ಬೊಬ್ಬರ ಕನಸು ಖಾಸಗಿಯಾಗಿ ಕಾಣುತ್ತದೆ, ನೂರಾರನ್ನು ಪಕ್ಕಪಕ್ಕ ಇಟ್ಟರೆ ಒಂದು ಕಾಲ ಮಾತಾಡುತ್ತದೆ. ಕೊಲ್ಲಿಯ ಕನ್ನಡಿಗರ ಬಗ್ಗೆ ರವಾನೆಯಾದ ಹಣದ ಲೆಕ್ಕವಿದೆ, ಸಂಘಗಳ ಸ್ಮರಣ ಸಂಚಿಕೆಗಳಿವೆ, ಯಶಸ್ವಿ ಉದ್ಯಮಿಗಳ ಜೀವನಚರಿತ್ರೆಗಳಿವೆ. ವಿಮಾನ ತಪ್ಪಿದ, ಊರಿನ ಮನೆಯ ಬಾಗಿಲು ಸಿಗದ, ತೀರಿಕೊಂಡ ಅಪ್ಪ ಊಟಕ್ಕೆ ಕರೆದ ರಾತ್ರಿಗಳ ದಾಖಲೆ ಎಲ್ಲಿದೆ? ಐವತ್ತು ವರ್ಷಗಳ ಅನಂತರ ಈ ವಲಸೆಯ ಚರಿತ್ರೆ ಬರೆಯುವವರು ಆ ಪುಟಗಳನ್ನು ಹುಡುಕುತ್ತಾರೆ.

ಇನ್ನು ಗುರಿಯ ಮಾತು. ಅದಕ್ಕೆ ಬೇರೆಯೇ ಒಂದು ಪುಸ್ತಕ ಸಾಕು, ಮತ್ತು ಅದು ಲೆಕ್ಕದ ಪುಸ್ತಕವಾಗಿದ್ದರೆ ಒಳ್ಳೆಯದು. ಗಾಬ್ರಿಯೆಲೆ ಓಟಿಂಗೆನ್ ಮತ್ತು ಡೋರಿಸ್ ಮೇಯರ್ 2002ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಳ್ಳೆಯ ನೌಕರಿ ಸಿಕ್ಕಂತೆ ಹೆಚ್ಚು ಸವಿಗಲ್ಪನೆ ಮಾಡಿದ ಜರ್ಮನ್ ಪದವೀಧರರಿಗೆ ಎರಡು ವರ್ಷಗಳ ಬಳಿಕ ಕಡಿಮೆ ಆಹ್ವಾನಗಳು, ಕಡಿಮೆ ಸಂಬಳ ದೊರೆತದ್ದು ಕಂಡುಬಂತು. ಗೋಡೆಗೆ ವಿಲ್ಲಾದ ಚಿತ್ರ ಅಂಟಿಸುವ ಬದಲು ಮೂರು ಸಂಗತಿಗಳನ್ನು ಬರೆಯಬೇಕು: ಎಷ್ಟು ಸಾಲ ಉಳಿದಿದೆ, ಯಾವುದು ಅಡ್ಡಿ, ಎಷ್ಟಾದರೆ ಸಾಕು. ಮೂರನೆಯ ಪ್ರಶ್ನೆಯನ್ನು ಯಾವ ಮಾರಾಟದ ದಿನಚರಿಯೂ ಕೇಳುವುದಿಲ್ಲ. ‘ಇನ್ನೆರಡು ವರ್ಷ’ ಎಂಬ ಮಾತು ಇಪ್ಪತ್ತು ವರ್ಷವಾಗಿ ಬೆಳೆಯುವುದು ಆ ಸಾಲು ಖಾಲಿ ಉಳಿದಾಗ.

ಕನಸಿನ ಪುಸ್ತಕಕ್ಕೆ ಇಷ್ಟು ಶಿಸ್ತೂ ಬೇಡ. ಎಚ್ಚರವಾದಾಗ ಹೊರಳದೆ, ಫೋನಿನ ಸಂದೇಶ ನೋಡದೆ, ನೆನಪಿಗೆ ಬಂದ ಕೊನೆಯ ಚಿತ್ರವನ್ನು ಹಿಡಿದರೆ ಹಿಂದಿನವು ಒಂದೊಂದಾಗಿ ಬರುತ್ತವೆ. ತಾರೀಕು, ಜಾಗ, ಬಂದವರು ಯಾರು, ಅವರು ಯಾವ ಭಾಷೆಯಲ್ಲಿ ಮಾತಾಡಿದರು, ಇಷ್ಟು ಸಾಕು, ಅರ್ಥ ಬರೆಯಬಾರದು. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಬಿದ್ದ ಕನಸನ್ನು ಅದೇ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಇಡಬಹುದು. ದುಬೈನಲ್ಲಿ ಬೆಳೆದು ಶಾಲೆಯಲ್ಲಿ ಇಂಗ್ಲಿಷ್, ಅರಬ್ಬಿ ಕಲಿತು, ರಜೆಯ ದಿನ ಕನ್ನಡ ಪಾಠಶಾಲೆಗೆ ಹೋಗುವ ಮಗು ಅಜ್ಜಿಯನ್ನು ಕನಸಿನಲ್ಲಿ ಯಾವ ಭಾಷೆಯಲ್ಲಿ ಮಾತಾಡಿಸಿತು ಎಂಬುದನ್ನು ತಂದೆತಾಯಿ ಒಮ್ಮೆ ಕೇಳಿ ಬರೆದಿಟ್ಟರೂ ಆದೀತು.

ಶ್ರೀರಂಗಪಟ್ಟಣದ ದೊರೆಗೆ ಪುಸ್ತಕವನ್ನು ಬಚ್ಚಿಡಲು ಒಂದು ಮೇಜಾದರೂ ಇತ್ತು. ಆರೆಂಟು ಮಂದಿ ಮಲಗುವ ಕೋಣೆಯಲ್ಲಿ, ಮೇಲಿನ ಮಂಚದವನಿಗೆ ದೀಪ ಹಾಕುವ ಸ್ವಾತಂತ್ರ್ಯವೂ ಇರುವುದಿಲ್ಲ. ಬರೆಯುವುದಾದರೆ ಬಸ್ಸಿನಲ್ಲಿ ಬರೆಯಬೇಕು. ಕೆಲಸದ ಜಾಗ ತಲುಪುವಷ್ಟರಲ್ಲಿ ಕನಸಿನ ಬಹುಪಾಲು ಅಳಿಸಿಹೋಗಿರುತ್ತದೆ; ಬಂದವರು ಯಾರು ಎಂಬುದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ.