ಮೀನಿನ ತ್ಯಾಜ್ಯವೇ ಕಡಲಕಳೆಗೆ ಗೊಬ್ಬರ

ಹಟ್ಟಿಯ ಗೊಬ್ಬರ ಗದ್ದೆಗೆ, ಗದ್ದೆಯ ಹುಲ್ಲು ಹಟ್ಟಿಗೆ. ನಮ್ಮ ರೈತರಿಗೆ ಇದು ಹೊಸ ಪಾಠವಲ್ಲ. ಇದೇ ಲೆಕ್ಕವನ್ನು ನೀರಿನಲ್ಲಿ ಹಾಕುವ ಪದ್ಧತಿಯೇ ಸಂಯೋಜಿತ ಬಹುಸ್ತರ ಜಲಕೃಷಿ. ಚಿಕ್ಕದಾಗಿ ಐಎಂಟಿಎ ಎನ್ನುತ್ತಾರೆ. ಕರಾವಳಿಯಲ್ಲಿ ಪಂಜರ ಮೀನು ಕೃಷಿಗೆ ಪ್ರೋತ್ಸಾಹ ಸಿಗುತ್ತಿರುವ ಈ ಹೊತ್ತಿನಲ್ಲಿ ಅದರ ಬಗ್ಗೆ ಯುವಜನರು ತಿಳಿದಿರುವುದು ಒಳ್ಳೆಯದು.

ಪಂಜರದ ಮೀನಿಗೆ ಹಾಕಿದ ಆಹಾರವೆಲ್ಲ ಮಾಂಸವಾಗುವುದಿಲ್ಲ. ತಿನ್ನದೆ ಉಳಿದ ಚೂರು, ಮಲ, ಕಿವಿರುಗಳಿಂದ ಹೊರಬರುವ ಅಮೋನಿಯಾ ನೀರು ಸೇರುತ್ತವೆ. ಹರಿವು ಕಡಿಮೆ ಇರುವ ಜಾಗದಲ್ಲಿ ಸಾರಜನಕ, ರಂಜಕ ಹೆಚ್ಚಾದರೆ ಪಾಚಿ ಮಿತಿಮೀರಿ ಬೆಳೆಯುತ್ತದೆ, ಆಮ್ಲಜನಕ ಕುಸಿಯುತ್ತದೆ. ಕೊನೆಗೆ ಸಾಯುವುದು ಪಂಜರದ ಮೀನೇ. ಐಎಂಟಿಎಯಲ್ಲಿ ಪಂಜರದ ಪಕ್ಕ ಕಡಲಕಳೆ ಮತ್ತು ಪಚ್ಚಿಲೆ ಬೆಳೆಸುತ್ತಾರೆ. ಕರಗಿದ ಪೋಷಕಾಂಶವನ್ನು ಕಡಲಕಳೆ ಹೀರುತ್ತದೆ, ತೇಲುವ ಸೂಕ್ಷ್ಮ ಕಣಗಳನ್ನು ಪಚ್ಚಿಲೆ ಸೋಸಿ ತಿನ್ನುತ್ತದೆ. ಇವೆರಡಕ್ಕೂ ಬೇರೆ ಆಹಾರದ ಖರ್ಚಿಲ್ಲ. ಕಾಟ್ಲಾ, ರೋಹು, ಮೃಗಾಲ್‌ಗಳನ್ನು ಒಂದೇ ಕೆರೆಗೆ ಬಿಡುವ ಮಿಶ್ರ ಮೀನು ಕೃಷಿಗಿಂತ ಇದು ಭಿನ್ನ. ಅಲ್ಲಿ ಮೂರೂ ಮೀನುಗಳು ಕೆರೆಯ ಬೇರೆ ಬೇರೆ ಮಟ್ಟದ ಆಹಾರ ಹಂಚಿಕೊಳ್ಳುತ್ತವೆ. ಇಲ್ಲಿ ಒಂದರ ತ್ಯಾಜ್ಯವೇ ಇನ್ನೊಂದರ ಆಹಾರ.

ಕೆನಡಾದ ಫಂಡಿ ಕೊಲ್ಲಿಯಲ್ಲಿ ವಿಜ್ಞಾನಿ ಥಿಯರಿ ಶೋಪಾನ್ ಮತ್ತು ಸಂಗಡಿಗರು ಸಾಲ್ಮನ್, ಪಚ್ಚಿಲೆ, ಕೆಲ್ಪ್ ಕಳೆಯನ್ನು ಒಟ್ಟಿಗೆ ಬೆಳೆಸಿ ಇದನ್ನು ಪರೀಕ್ಷಿಸಿದರು. ನಮ್ಮಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಒಂದು ಕೋಬಿಯಾ ಪಂಜರದ ಸುತ್ತ 16 ಬಿದಿರಿನ ತೆಪ್ಪಗಳಲ್ಲಿ ಕಪ್ಪಾಫೈಕಸ್ ಕಳೆ ಬೆಳೆಸಿತು. ಪಂಜರದಿಂದ ದೂರದ ತೆಪ್ಪದಲ್ಲಿ 45 ದಿನಕ್ಕೆ ಸುಮಾರು 150 ಕಿಲೋ ಕಳೆ ಸಿಕ್ಕರೆ, ಪಂಜರದ ಪಕ್ಕದ ತೆಪ್ಪದಲ್ಲಿ 260ರಿಂದ 320 ಕಿಲೋ ಸಿಕ್ಕಿತು. ನೀರು ಶುದ್ಧವಾಗುವುದರ ಜೊತೆಗೆ ಮೀನುಗಾರನ ಕೈಗೆ ಎರಡನೇ ಬೆಳೆ ಬಂತು.

ಹಾಗಾದರೆ ಇದನ್ನು ಹಾಗೆಯೇ ನಮ್ಮ ಕರಾವಳಿಗೆ ತರಬಹುದೇ? ಅಷ್ಟು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಅಬ್ಬರಕ್ಕೆ ಬಿದಿರಿನ ತೆಪ್ಪ ನಿಲ್ಲದು. ಮಳೆನೀರು ತುಂಬಿದ ಅಳಿವೆಗಳಲ್ಲಿ ಉಪ್ಪಿನಂಶ ತೀರಾ ಕುಸಿಯುತ್ತದೆ. ಕಪ್ಪಾಫೈಕಸ್ ಹೊರದೇಶದ ತಳಿ. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಅದು ಹಬ್ಬಿದ್ದು ವರದಿಯಾಗಿದೆ. ತಳದ ಕಸ ತಿನ್ನುವ ಕಡಲ ಸೌತೆಯನ್ನು ಕೆಲವು ದೇಶಗಳು ಇದೇ ಪದ್ಧತಿಯಲ್ಲಿ ಬಳಸುತ್ತವೆ. ನಮ್ಮಲ್ಲಿ ಅದು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವ ಸಂರಕ್ಷಿತ ಜೀವಿ.

ಕರ್ನಾಟಕಕ್ಕೆ ಹೊಂದುವ ಜೋಡಿ ಬೇರೆ. ಕಾರವಾರ, ಉಪ್ಪುಂದ ಭಾಗದಲ್ಲಿ ಪಂಜರ ಕೃಷಿ ನಡೆದಿದೆ. ಮೂಲ್ಕಿಯ ಅಳಿವೆಯಲ್ಲಿ ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಬೆಳೆಸುವ ಪ್ರಯೋಗವೂ ಆಗಿದೆ. ಅಂದರೆ ಎರಡೂ ಕೊಂಡಿಗಳು ನಮ್ಮಲ್ಲೇ ಇವೆ, ಅವನ್ನು ಸೇರಿಸಬೇಕಿದೆ. ಮಳೆ ನಿಂತ ಮೇಲೆ ಕಟ್ಟಿ, ಮುಂದಿನ ಮಳೆಗೆ ಮುನ್ನ ಪಚ್ಚಿಲೆ ಕಿತ್ತರೆ ಋತುವಿನ ಲೆಕ್ಕವೂ ಕೂಡುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. ಪಚ್ಚಿಲೆ ಮೀನಿನ ತ್ಯಾಜ್ಯದ ಜೊತೆ ಊರಿನ ಚರಂಡಿಯಿಂದ ಬಂದ ಬ್ಯಾಕ್ಟೀರಿಯಾವನ್ನೂ ಸೋಸಿ ಒಳಗಿಟ್ಟುಕೊಳ್ಳುತ್ತದೆ. ನೀರಿನ ಪರೀಕ್ಷೆಯಿಲ್ಲದೆ ಅದನ್ನು ಮಾರುಕಟ್ಟೆಗೆ ಬಿಡುವುದು ಅಪಾಯ.

ಉದ್ಯೋಗದ ಮಾತು ಬರುವುದು ಇಲ್ಲಿಯೇ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇ 60ರವರೆಗೆ ನೆರವು ಕೊಡುವ ಯೋಜನೆ. ಹಣ ಪಂಜರ ತರುತ್ತದೆ, ಆದರೆ ನೀರಿನ ಗುಣ ಅಳೆಯುವವರು, ಮರಿ ಮತ್ತು ಕಳೆಯ ಬಿತ್ತನೆ ಒದಗಿಸುವವರು, ಪಚ್ಚಿಲೆ ಸಂಸ್ಕರಿಸಿ ಮಾರುವವರು ಬೇಕಲ್ಲವೇ? ಮಂಗಳೂರಿನಲ್ಲಿ 1969ರಿಂದಲೇ ಮೀನುಗಾರಿಕಾ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳಷ್ಟೇ ಅಲ್ಲ, ರಸಾಯನವಿಜ್ಞಾನ, ಸೂಕ್ಷ್ಮಜೀವಿವಿಜ್ಞಾನ ಓದಿದವರಿಗೂ ಇಲ್ಲಿ ಕೆಲಸವಿದೆ.

ಇದೆಲ್ಲ ಕೈಗೂಡಲು ಸರ್ಕಾರ ಎರಡು ಕೆಲಸ ಮಾಡಬೇಕು. ಯಾವ ಅಳಿವೆ ಎಷ್ಟು ಪಂಜರ ತಾಳುತ್ತದೆ ಎಂದು ಮೊದಲೇ ಅಳೆಯಬೇಕು. ನೀರಿನ ಗುತ್ತಿಗೆಯಲ್ಲಿ ಅಲ್ಲಿಯೇ ಬಲೆ ಬೀಸಿ, ಚಿಪ್ಪು ಹೆಕ್ಕಿ ಬದುಕುವ ಕುಟುಂಬಗಳಿಗೆ ಮೊದಲ ಹಕ್ಕು ಕೊಡಬೇಕು. ಪಂಜರಗಳ ಸಂಖ್ಯೆಯನ್ನಷ್ಟೇ ಸಾಧನೆಯೆಂದು ಎಣಿಸಿದರೆ ಲಾಭ ಒಬ್ಬರಿಗೆ, ಕೊಳೆ ಎಲ್ಲರಿಗೆ ಎಂಬಂತಾದೀತು. ಹಟ್ಟಿ ಕಟ್ಟುವಾಗಲೇ ಗೊಬ್ಬರದ ಗುಂಡಿಗೆ ಜಾಗ ಬಿಡುವ ಜಾಣತನ ನಮ್ಮ ಹಿರಿಯರಿಗಿತ್ತು. ನೀರಿನಲ್ಲಿಯೂ ಅದನ್ನೇ ಮಾಡೋಣ.