ಹೊಲ ನಮ್ಮದು, ಕಡತ ಯಾರ ಮನೆಯಲ್ಲಿ?

ಹಿಂದೆ ನಮ್ಮ ಊರುಗಳಲ್ಲಿ ಉಳುವವನು ಒಬ್ಬ, ಬರೆಯುವವನು ಇನ್ನೊಬ್ಬ. ಉಳುವವನಿಗೆ ತನ್ನ ಹೊಲದ ಬದು ಎಲ್ಲಿದೆ ಅಂತ ಕತ್ತಲಲ್ಲೂ ಕಾಲಿಗೆ ಗೊತ್ತಿತ್ತು. ಆದರೆ ಕಡತ ಇದ್ದದ್ದು ಶಾನುಭೋಗರ ಮನೆಯಲ್ಲಿ. ಜಗಳ ಬಂದಾಗ ಕಾಲು ಹೇಳಿದ್ದು ನಿಲ್ಲುತ್ತಿರಲಿಲ್ಲ, ಕಡತ ಹೇಳಿದ್ದು ನಿಲ್ಲುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಗೇಣಿ ಮುರಿಯುವ ಭೂಸುಧಾರಣೆ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ. ಅದನ್ನು ಕಣ್ಣಾರೆ ಕಂಡವರ ಮೊಮ್ಮಕ್ಕಳು ಇವತ್ತು ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೀತಿದ್ದಾರೆ.

ಅವರನ್ನು ಕೇಳಿ. ನೀನು ಬರೆದದ್ದು ಎಲ್ಲಿದೆಯಪ್ಪಾ? ‘ಗಿಟ್‌ಹಬ್‌ನಲ್ಲಿದೆ.’ ಗಿಟ್‌ಹಬ್ ಯಾರದು? ‘ಮೈಕ್ರೋಸಾಫ್ಟ್‌ದು.’

ಹಂಗಾದ್ರೆ ಕಡತ ಮತ್ತೆ ಒಡೆಯನ ಮನೆ ಸೇರಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಸಂಬಳ ಎಣಿಸಿಕೊಂಡು ಕುರ್ಚಿಯಲ್ಲಿ ಕೂತು ಕೋಡ್ ಬರೆಯುವವನ ಕಷ್ಟವನ್ನು ಜೀತದಾಳಿನ ಕಷ್ಟಕ್ಕೆ ಹೋಲಿಸುವ ಅವಿವೇಕ ನನ್ನದಲ್ಲ. ಇಲ್ಲಿ ಹೋಲಿಕೆ ಕಷ್ಟದ್ದಲ್ಲ, ಕಡತದ್ದು. ‘ಕಂಪ್ಯೂಟರಿನ ಮಾತು ನಮಗ್ಯಾಕೆ?’ ಅನ್ನುವ ಮೇಷ್ಟ್ರುಗಳಿಗೂ ಒಂದು ಮಾತು. ಇವತ್ತು ಪಹಣಿ ಬರೋದು ಕಂಪ್ಯೂಟರಿನಿಂದ. ರೇಷನ್ ಕೊಡಬೇಕೋ ಬೇಡವೋ ಅಂತ ಹೇಳೋದು ಬೆರಳಚ್ಚಿನ ಯಂತ್ರ. ನಿಮ್ಮ ಶಾಲೆಯ ಹುಡುಗಿಯ ವಿದ್ಯಾರ್ಥಿವೇತನ ನಿಂತರೆ ಕಾರಣ ಹೇಳೋದು ಒಂದು ಪರದೆ. ಇವೆಲ್ಲದರ ಹೊಟ್ಟೆಯಲ್ಲಿರೋದು ಕೋಡ್. ಅದನ್ನು ಬರೆಯುವವರು ಯಾರ ಜಗಲಿಯ ಮೇಲೆ ಕೂತು ಬರೀತಾರೆ ಅನ್ನೋದು ನಮ್ಮ ವಿಷಯ ಅಲ್ಲದೆ ಇನ್ಯಾರ ವಿಷಯ?

ಈಗ ಕತೆಗೆ ಬರೋಣ. 2002ರಿಂದ ಲಿನಕ್ಸ್ ಕರ್ನಲ್ ಬರೆಯುವವರು ತಮ್ಮ ಕೋಡಿನ ಲೆಕ್ಕ ಇಡಲು ಬಿಟ್‌ಕೀಪರ್ ಅನ್ನುವ ಸಾಧನ ಬಳಸುತ್ತಿದ್ದರು. ಅದು ಒಂದು ಕಂಪನಿಯ ಸ್ವತ್ತು. ಪುಕ್ಕಟೆ ಕೊಟ್ಟಿತ್ತು, ಆದರೆ ಷರತ್ತಿನ ಮೇಲೆ. 2005ರಲ್ಲಿ ಒಬ್ಬ ಪ್ರೋಗ್ರಾಮರ್ ಅದು ಒಳಗೆ ಹೇಗೆ ಮಾತಾಡುತ್ತೆ ಅಂತ ಪತ್ತೆ ಹಚ್ಚಲು ಹೋದ. ಕಂಪನಿಗೆ ಸಿಟ್ಟು ಬಂತು. ಪುಕ್ಕಟೆ ಸೌಲಭ್ಯ ನಿಂತಿತು. ಅದೇ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆಯಲು ಕೂತ. ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವಷ್ಟು ಕೆಲಸ ಮುಗಿದಿತ್ತು. ದಾನ ಕೊಟ್ಟವನು ಕೈ ಹಿಂದಕ್ಕೆ ಎಳೆದುಕೊಂಡದ್ದರಿಂದ ಹುಟ್ಟಿದ ಸಾಧನ ಅದು. ಇದನ್ನು ಮರೆಯಬಾರದು.

ಗಿಟ್‌ನ ಗುಣ ಏನು? ನೀವು ಒಂದು ಕೋಡಿನ ಪ್ರತಿ ಇಳಿಸಿಕೊಂಡರೆ ಇವತ್ತಿನ ರೂಪ ಮಾತ್ರ ಬರೋದಿಲ್ಲ. ಯಾರು ಯಾವ ದಿನ ಯಾವ ಸಾಲು ಬರೆದರು, ಯಾರು ತಿದ್ದಿದರು, ಆ ಚರಿತ್ರೆಯೆಲ್ಲ ಬರುತ್ತೆ. ಹತ್ತು ಜನ ಇಳಿಸಿಕೊಂಡರೆ ಹತ್ತು ಮನೆಯಲ್ಲೂ ಪೂರ್ತಿ ಕಡತ. ಯಾರಾದರೂ ಹಳೆಯ ಪುಟದಲ್ಲಿ ಒಂದು ಅಕ್ಷರ ಬದಲಾಯಿಸಿದರೂ ಲೆಕ್ಕ ತಪ್ಪುತ್ತೆ, ಕಳ್ಳತನ ಗೊತ್ತಾಗುತ್ತೆ. ಅಂದರೆ ಶಾನುಭೋಗನೇ ಬೇಕಿಲ್ಲದ ಕಡತ!

ಇಂಥದ್ದೊಂದು ಕೈಗೆ ಸಿಕ್ಕ ಮೇಲೆ ನಾವು ಮಾಡಿದ್ದೇನು? ಮತ್ತೆ ಶಾನುಭೋಗನನ್ನು ಹುಡುಕಿಕೊಂಡು ಹೋದೆವು.

2008ರಲ್ಲಿ ಗಿಟ್‌ಹಬ್ ಬಂತು. ಅನುಕೂಲ ಇತ್ತು, ಸುಳ್ಳು ಹೇಳಬಾರದು. ಚಂದದ ಪುಟ, ಸುಲಭದ ಗುಂಡಿ, ಪುಕ್ಕಟೆ ಜಾಗ. ಜನ ಅಲ್ಲಿಗೇ ಹೋದರು. ಎಲ್ಲರೂ ಅಲ್ಲಿಗೆ ಹೋದದ್ದರಿಂದ ಉಳಿದವರೂ ಹೋಗಲೇಬೇಕಾಯಿತು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಂಡಿತು. ಕೊಂಡದ್ದು ಏನನ್ನು? ಗಿಟ್ ಅನ್ನಂತೂ ಅಲ್ಲ, ಅದು ಯಾರ ಸ್ವತ್ತೂ ಅಲ್ಲ. ಮಾರಾಟವಾದದ್ದು ಜನರ ಗುಂಪು. ಸಂತೆಗೆ ಬಂದವರನ್ನೇ ಸಂತೆಯ ಜೊತೆ ಮಾರಿದ ಹಾಗೆ.

‘ಕೋಡ್ ನಮ್ಮ ಹತ್ತಿರವೂ ಇದೆಯಲ್ಲ ಸಾರ್, ಹೆದರಿಕೆ ಏನು?’ ಅಂತ ಹುಡುಗರು ಕೇಳ್ತಾರೆ. ಇದೆ, ನಿಜ. ಆದರೆ ಒಂದು ಕೋಡಿನ ಸುತ್ತ ನಡೆಯುವ ಮಾತು? ‘ಇಲ್ಲಿ ತಪ್ಪಿದೆ’ ಅಂತ ಒಬ್ಬ ಬರೆದ ದೂರು, ‘ಹೀಗೆ ತಿದ್ದು’ ಅಂತ ಇನ್ನೊಬ್ಬ ಕಳಿಸಿದ ತೇಪೆ, ಅದರ ಮೇಲೆ ತಿಂಗಳುಗಟ್ಟಲೆ ನಡೆದ ವಾದ, ಯಾರು ಯಾರೆಂಬ ಗುರುತು, ಅವೆಲ್ಲ ಗಿಟ್‌ನ ಒಳಗಿಲ್ಲ. ಅವು ಇರೋದು ಕಂಪನಿಯ ಕಪಾಟಿನಲ್ಲಿ. ಹೊಲ ನಿಮ್ಮ ಕೈಯಲ್ಲಿದೆ, ಹೊಲದ ಕತೆ ಅವರ ಕೈಯಲ್ಲಿದೆ.

ಕಪಾಟಿನ ಬೀಗ ಹಾಕಿದ ದಿನಗಳನ್ನು ನೆನಪು ಮಾಡಿಕೊಳ್ಳಿ. 2019ರ ಜುಲೈನಲ್ಲಿ ಇರಾನ್, ಸಿರಿಯಾ, ಕ್ರಿಮಿಯಾಗಳ ಪ್ರೋಗ್ರಾಮರುಗಳಿಗೆ ಗಿಟ್‌ಹಬ್‌ನ ಹಲವು ಬಾಗಿಲು ಮುಚ್ಚಿದವು. ಅವರು ಮಾಡಿದ ತಪ್ಪೇನು? ವಾಸವಿದ್ದ ನೆಲ. ಅಮೆರಿಕದ ದಿಗ್ಬಂಧನದ ಕಾನೂನು ಹಾಗೆ ಹೇಳುತ್ತಿತ್ತು, ಕಂಪನಿ ಪಾಲಿಸಿತು. ಇರಾನಿನವರಿಗೆ ಬಾಗಿಲು ಪೂರ್ತಿ ತೆರೆದದ್ದು 2021ರ ಜನವರಿಯಲ್ಲಿ, ಅದೂ ಅಮೆರಿಕ ಸರ್ಕಾರದ ಪರವಾನಗಿ ಸಿಕ್ಕ ಮೇಲೆ. ವಾಸವಿರುವ ಜಾಗ ನೋಡಿ ಬಾಗಿಲು ಮುಚ್ಚೋದು ಅಂದರೆ ಏನು ಅಂತ ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಗೀತ ಕಂಪನಿಗಳ ಸಂಘ ಒಂದು ನೋಟೀಸು ಕಳಿಸಿತು. ಯೂಟ್ಯೂಬ್-ಡಿಎಲ್ ಅನ್ನುವ ಕೋಡ್ ಗಿಟ್‌ಹಬ್‌ನಿಂದ ಮಾಯವಾಯಿತು. ಗಲಾಟೆಯಾಯಿತು, ವಕೀಲರು ಬರೆದರು, ನವೆಂಬರ್‌ನಲ್ಲಿ ವಾಪಸು ಬಂತು. ಗಲಾಟೆ ಮಾಡುವ ಶಕ್ತಿ ಇದ್ದವರಿಗೆ ವಾಪಸು ಬಂತು. ಇಲ್ಲದವರಿಗೆ?

ನಮ್ಮ ದೇಶದ್ದೂ ಇದೆ. 2014ರ ಡಿಸೆಂಬರ್‌ನಲ್ಲಿ ಸರ್ಕಾರ 32 ಜಾಲತಾಣಗಳನ್ನು ತಡೆಯಲು ಹೇಳಿತು. ಭಯೋತ್ಪಾದನೆಯ ಬರಹ ಇದೆ ಅನ್ನೋದು ಕಾರಣ. ಆ ಪಟ್ಟಿಯಲ್ಲಿ ಗಿಟ್‌ಹಬ್‌ಗೆ ಸೇರಿದ ಪುಟಗಳೂ ಇದ್ದವು. ಆಮೇಲೆ ತೆರೆದರು ಅನ್ನಿ. ಆದರೆ ಒಂದೇ ಬಾವಿ ಇದ್ದರೆ ಅದಕ್ಕೆ ಮುಚ್ಚಳ ಹಾಕೋದು ಎಷ್ಟು ಸುಲಭ ನೋಡಿ.

ಬೀಗ ಹಾಕದಿದ್ದರೂ ಮನೆಯೇ ಬೀಳಬಹುದು. ಗೂಗಲ್ ಕಂಪನಿ ತನ್ನ ಗೂಗಲ್ ಕೋಡ್ ಅನ್ನು 2016ರ ಜನವರಿಯಲ್ಲಿ ಮುಚ್ಚಿತು. ಗಿಟೋರಿಯಸ್ ಅನ್ನೋದು 2015ರಲ್ಲಿ ಮಾರಾಟವಾಗಿ ಮುಚ್ಚಿತು. ಎರಡೂ ಪುಕ್ಕಟೆ ಜಾಗಗಳೇ.

ಇನ್ನು ಬೆಳೆಯ ಮಾತು. ಲಕ್ಷಾಂತರ ಜನ ಅಲ್ಲಿ ಇಟ್ಟ ಕೋಡನ್ನು ಯಂತ್ರಕ್ಕೆ ಓದಿಸಿ ಕೋಪೈಲಟ್ ತಯಾರಾಯಿತು. 2022ರ ಜೂನ್‌ನಲ್ಲಿ ಅದನ್ನು ತಿಂಗಳಿಗೆ 10 ಡಾಲರಿನಂತೆ ಮಾರಲು ಶುರು ಮಾಡಿದರು. ನಮ್ಮ ಕಣದ ಕಾಳನ್ನು ನಮಗೇ ತೂಗಿ ಮಾರಿದ ಹಾಗೆ. ಪುಕ್ಕಟೆ ಜಾಗದ ಗೇಣಿ ಎಷ್ಟು ಅಂತ ಆಗ ಗೊತ್ತಾಯಿತು.

ಹಾಗಾದರೆ ದಾರಿ ಏನು? ಗಿಟ್ ಹುಟ್ಟಿದಾಗ ಹೇಗಿತ್ತೋ ಹಾಗೆ, ಯಂತ್ರದಿಂದ ಯಂತ್ರಕ್ಕೆ ನೇರ ಕೊಡು-ಕೊಳ್ಳು. ಮಧ್ಯೆ ಒಡೆಯ ಇಲ್ಲ. ಇದು ಕನಸಲ್ಲ. ರಾಡಿಕಲ್ ಅನ್ನುವ ತಂತ್ರಾಂಶ ಇದನ್ನೇ ಮಾಡುತ್ತೆ. 2024ರಲ್ಲಿ ಅದರ 1.0 ಆವೃತ್ತಿ ಹೊರಬಂತು. ‘ಕ್ರಾಂತಿಕಾರಿ’ ಅನ್ನೋ ಅರ್ಥದ ರಾಡಿಕಲ್ ಅಲ್ಲ ಇದು. ಬೀಜ ಮೊಳೆತಾಗ ಮೊದಲು ನೆಲಕ್ಕಿಳಿಯುವ ಬೇರಿಗೆ ಇಂಗ್ಲಿಷಿನಲ್ಲಿ ಆ ಹೆಸರು.

ಅದರ ಕೆಲಸ ಹೀಗೆ. ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲೇ ಒಂದು ಜೋಡಿ ಕೀಲಿ ಮಾಡಿಕೊಳ್ತಾರೆ. ಆ ಕೀಲಿಯೇ ಗುರುತು. ಯಾವ ಕಂಪನಿಯ ಹತ್ತಿರವೂ ಹೆಸರು ಬರೆಸಬೇಕಿಲ್ಲ, ಫೋನ್ ನಂಬರ್ ಕೊಡಬೇಕಿಲ್ಲ. ಬರೆದದ್ದಕ್ಕೆಲ್ಲ ಆ ಕೀಲಿಯಿಂದ ಸಹಿ ಬೀಳುತ್ತೆ. ದೂರು, ತೇಪೆ, ವಾದ, ಎಲ್ಲವೂ ಗಿಟ್‌ನ ಒಳಗೇ ಕೋಡಿನ ಜೊತೆ ಇರುತ್ತವೆ. ಆದ್ದರಿಂದ ಪ್ರತಿ ಇಳಿಸಿಕೊಂಡವನ ಮನೆಗೆ ಮಾತೂ ಬರುತ್ತೆ. ಕರೆಂಟು, ನೆಟ್‌ವರ್ಕ್ ಬಂದು ಹೋಗುವ ಊರಿನಲ್ಲಿ ಕೂತು ಬರೆದಿಟ್ಟರೆ ಆಯಿತು, ಸಂಪರ್ಕ ಬಂದಾಗ ಉಳಿದವರಿಗೆ ತಲುಪುತ್ತೆ. ಇನ್ನೊಬ್ಬರ ಕೋಡನ್ನು ತನ್ನ ಯಂತ್ರದಲ್ಲಿಟ್ಟು ಕೇಳಿದವರಿಗೆ ಹಂಚುವುದಕ್ಕೆ ಅವರು ಬೀಜ ಹಾಕೋದು ಅಂತಲೇ ಹೆಸರಿಟ್ಟಿದ್ದಾರೆ. ನಮ್ಮ ಅಜ್ಜಿಯರು ಬಿತ್ತನೆ ರಾಗಿಯನ್ನು ನಾಲ್ಕು ಮನೆಯಲ್ಲಿ ಇಡಿಸುತ್ತಿದ್ದರಲ್ಲ, ಅದೇ ಬುದ್ಧಿ. ಒಂದು ಮನೆಗೆ ಬೆಂಕಿ ಬಿದ್ದರೂ ಮುಂದಿನ ವರ್ಷ ಬಿತ್ತನೆ ನಿಲ್ಲೋಲ್ಲ.

ಆದರೆ ಗೆಳೆಯರೇ, ಹೊಸ ದೇವರನ್ನು ತಂದು ಕೂರಿಸಲು ನಾನು ಬಂದಿಲ್ಲ. ಇದರ ತೊಡಕನ್ನೂ ಕೇಳಿ. ಕೀಲಿ ಕಳೆದುಕೊಂಡರೆ ಕೊಡಿಸುವವರು ಯಾರೂ ಇಲ್ಲ. ಒಡೆಯ ಇಲ್ಲ ಅಂದರೆ ಪಾಸ್‌ವರ್ಡ್ ಮರೆತಾಗ ಅಳೋದಕ್ಕೆ ಬಾಗಿಲೂ ಇಲ್ಲ. ಒಮ್ಮೆ ಹರಡಿದ್ದನ್ನು ಪೂರ್ತಿ ವಾಪಸು ಕರೆಯಲು ಆಗೋದಿಲ್ಲ. ಸಾರ್ವಜನಿಕವಾಗಿ ಇಟ್ಟ ಕೋಡನ್ನು ಯಂತ್ರಕ್ಕೆ ಓದಿಸುವವರನ್ನು ಇದೂ ತಡೆಯಲಾರದು. ಈ ಯೋಜನೆಗೆ ಹಣ ಬಂದದ್ದು ಕ್ರಿಪ್ಟೋ ನಾಣ್ಯದ ಕಡೆಯಿಂದ ಅನ್ನೋದೂ ಗೊತ್ತಿರಲಿ. ಬಳಸಲು ಆ ನಾಣ್ಯ ಬೇಕಿಲ್ಲ, ಆದರೆ ಯಾರ ದುಡ್ಡು ಅಂತ ಕೇಳೋ ಅಭ್ಯಾಸ ನಮಗಿರಬೇಕು. ಯಾವ ತಿದ್ದುಪಡಿ ಅಧಿಕೃತ ಅಂತ ತೀರ್ಮಾನಿಸೋದು ಆ ಕೋಡಿಗೆ ನೇಮಿಸಿಕೊಂಡ ಪ್ರತಿನಿಧಿಗಳು. ಮೂವರಲ್ಲಿ ಇಬ್ಬರ ಸಹಿ ಬೇಕು ಅಂತ ಕಟ್ಟಳೆ ಮಾಡಿಕೊಳ್ಳಬಹುದು. ಒಳ್ಳೇದು. ಆದರೆ ಆ ಮೂವರು ಯಾರು? ಒಂದೇ ಓಣಿಯವರೇ ಮೂವರೂ ಆದರೆ ಯಂತ್ರ ಎಷ್ಟು ಸಮಾನವಾಗಿದ್ದರೂ ಪಂಚಾಯಿತಿ ಹಳೆಯದೇ.

ಎಲ್ಲಕ್ಕಿಂತ ದೊಡ್ಡ ತೊಡಕು, ಬೀಜ ಇಟ್ಟುಕೊಳ್ಳುವ ಯಂತ್ರ ಸದಾ ಹೊತ್ತಿಕೊಂಡಿರಬೇಕು. ಬೆಂಗಳೂರಿನ ಇಂಜಿನಿಯರನಿಗೆ ಅದು ಕಷ್ಟವಲ್ಲ. ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಂಡು ಕೋಡ್ ಕಲಿಯುವ ಹುಡುಗಿಗೆ? ಅವಳಿಗೆ ದೊಡ್ಡ ಕಾಲೇಜಿನ ಹೆಸರಿಲ್ಲ, ಶಿಫಾರಸು ಮಾಡುವ ಮಾವನಿಲ್ಲ. ಅವಳು ಬರೆದ ಕೋಡಿನ ಚರಿತ್ರೆಯೇ ಅವಳ ಸರ್ಟಿಫಿಕೇಟು. ಅದು ಅವಳ ಸ್ವಂತ ಸಹಿಯಲ್ಲಿ, ಯಾರೂ ಅಳಿಸಲಾಗದ ಹಾಗೆ, ನಾಲ್ಕು ಕಡೆ ಇರಬೇಕಾದ್ದು ಮೊದಲು ಅವಳಿಗೆ. ಅವಳನ್ನು ಬಿಟ್ಟು ಸ್ವಾತಂತ್ರ್ಯದ ಭಾಷಣ ಮಾಡಿದರೆ ಅದು ಉಳ್ಳವರ ಸ್ವಾತಂತ್ರ್ಯ.

ಆದ್ದರಿಂದ ಕೆಲಸ ನಮ್ಮದು. ಕಾಲೇಜಿನ ಲ್ಯಾಬಿನಲ್ಲಿ, ಊರಿನ ಗ್ರಂಥಾಲಯದಲ್ಲಿ, ಸಂಘಟನೆಯ ಕಚೇರಿಯಲ್ಲಿ ಮೂಲೆಗೆ ಬಿದ್ದ ಒಂದು ಹಳೆಯ ಕಂಪ್ಯೂಟರ್ ಎತ್ತಿಕೊಳ್ಳಿ. ಅದರಲ್ಲಿ ನಮ್ಮ ಮಕ್ಕಳ ಕೋಡಿಗೆ ಬೀಜದ ಯಂತ್ರ ಮಾಡಿ. ಮೇಷ್ಟ್ರೇ, ಕೀಲಿಯನ್ನು ಎರಡು ಕಡೆ ಜೋಪಾನ ಮಾಡೋದನ್ನು ಮೊದಲ ಪಾಠ ಮಾಡಿ. ದೂರನ್ನು, ವಾದವನ್ನು ಕನ್ನಡದಲ್ಲೇ ಬರೆಯಲಿ, ಗಿಟ್ ಬೇಡ ಅನ್ನೋದಿಲ್ಲ. ಗಿಟ್‌ಹಬ್ ನಾಳೆಯೇ ಬಿಡಿ ಅಂತ ನಾನು ಹೇಳೋಲ್ಲ. ಸಂತೆ ಇರೋ ಕಡೆ ಸಂತೆಗೆ ಹೋಗಿ. ಆದರೆ ಸಂತೆಗೆ ಹೋದವನು ಮನೆಯ ಪಹಣಿಯನ್ನು ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟು ಬರ್ತಾನಾ?

ಉಳುವವನೇ ಹೊಲದೊಡೆಯ ಅಂತ ಒಂದು ತಲೆಮಾರು ಕೂಗಿತು. ಬರೆಯುವವನೇ ಕಡತದೊಡೆಯ ಅನ್ನೋದು ಈ ತಲೆಮಾರಿನ ಕೂಗಾಗಲಿ. ಕೂಗು ಆಮೇಲೆ. ಮೊದಲು ಆ ಹಳೆಯ ಕಂಪ್ಯೂಟರಿನ ಧೂಳು ಒರೆಸಿ.